ಕಪ್ಪುಹಲಗೆಯ ಹಿಂದಿನ ಬುತ್ತಿಗಳು: ವಿದ್ಯಾರ್ಥಿಗಳ ನಡುವಣ ಪೀಡನೆಯ ಕೆಲವು ಚಿತ್ರಗಳು

೧

ಮುಂಬಯಿಯ ಎಲ್ಫಿನ್‌ಸ್ಟನ್ ಪ್ರೌಢಶಾಲೆಯ ಒಂದು ತರಗತಿ. ಶಿಕ್ಷಕರು ಒಬ್ಬ ವಿದ್ಯಾರ್ಥಿಯನ್ನು ಲೆಕ್ಕ ಬಿಡಿಸಲು ಕಪ್ಪುಹಲಗೆಯ ಬಳಿಗೆ ಕರೆಯುತ್ತಾರೆ. ಕರೆದೊಡನೆ ತರಗತಿಯಲ್ಲಿ ಗದ್ದಲವೇಳುತ್ತದೆ. ಸವರ್ಣ ಹುಡುಗರು ತಮ್ಮ ಊಟದ ಡಬ್ಬಿಗಳನ್ನು ಆ ಹಲಗೆಯ ಹಿಂದೆ ಇಟ್ಟಿದ್ದಾರೆ. ಹುಡುಗನು ಹಲಗೆಯನ್ನು ಮುಟ್ಟುವುದಕ್ಕೆ ಮೊದಲೇ ಅವರು ಧಾವಿಸಿ ಹೋಗಿ ಡಬ್ಬಿಗಳನ್ನು ಪಕ್ಕಕ್ಕೆ ಎಳೆದು ಹಾಕುತ್ತಾರೆ. ಆ ವಿದ್ಯಾರ್ಥಿಯೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದ ಭೀಮರಾವ್ ಅಂಬೇಡ್ಕರ್. ಧನಂಜಯ ಕೀರ್ ಅವರು ೧೯೫೪ರಲ್ಲಿ ಪ್ರಕಟವಾದ ತಮ್ಮ ಅಂಬೇಡ್ಕರ್ ಜೀವನಚರಿತ್ರೆಯಲ್ಲಿ ಈ ಪ್ರಸಂಗವನ್ನು ದಾಖಲಿಸಿದ್ದಾರೆ.

ಈ ಪ್ರಸಂಗವು ನಮಗೆಲ್ಲ ಪರಿಚಿತವಾದುದೇ. ಅಸ್ಪೃಶ್ಯತೆಯ ಕ್ರೌರ್ಯಕ್ಕೆ ನಿದರ್ಶನವಾಗಿ ಇದನ್ನು ಭಾಷಣಗಳಲ್ಲಿ ಕೇಳಿದ್ದೇವೆ, ಪಠ್ಯಗಳಲ್ಲಿ ಓದಿದ್ದೇವೆ. ಆದರೆ ಇದನ್ನು ಒಂದು ತರಗತಿಯ ಚಿತ್ರವಾಗಿ, ಅಂದರೆ ಮಕ್ಕಳು ಮಕ್ಕಳಿಗೆ ಮಾಡಿದ ಒಂದು ಕೃತ್ಯವಾಗಿ ನಾವು ಓದಿದ್ದು ಕಡಿಮೆ. ಹಾಗೆ ಓದಿದಾಗ ಒಂದು ಸರಳವಾದ, ಆದರೆ ತೊಡಕಿನ ಪ್ರಶ್ನೆ ಎದುರಾಗುತ್ತದೆ. ಇಲ್ಲಿ ಪೀಡಕರು ಯಾರು? ಯಾರೂ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ, ಡಬ್ಬಿಗಳನ್ನು ಸರಿಸಿದರು, ಅಷ್ಟೆ. ದೂರು ಕೊಡಬೇಕೆಂದರೂ ಒಬ್ಬನ ಹೆಸರು ಹೇಳಲು ಬಾರದು. ಇಡೀ ತರಗತಿ ಎದ್ದು ಓಡಿತು; ಒಬ್ಬ ಹುಡುಗ ಮಾತ್ರ ಸುಣ್ಣದ ಕಡ್ಡಿಗಾಗಿ ನಡೆದುಹೋಗುತ್ತಿದ್ದ.

ವಿದ್ಯಾರ್ಥಿಗಳ ನಡುವಣ ಪೀಡನೆಯನ್ನು ತಡೆಯುವುದು ಹೇಗೆ ಎಂಬುದು ಶಿಕ್ಷಣತಜ್ಞರ, ಮನಶ್ಶಾಸ್ತ್ರಜ್ಞರ ವಿಷಯವೆಂದು ಸಾಹಿತ್ಯವಿಮರ್ಶೆಯು ಇದುವರೆಗೆ ದೂರವೇ ಉಳಿದಿದೆ. ಆದರೆ ಈ ಪೀಡನೆಯ ಅತ್ಯಂತ ನಿಖರವಾದ ದಾಖಲೆಗಳು ಕಥೆಗಳಲ್ಲಿ, ಆತ್ಮಕಥನಗಳಲ್ಲಿ ಇವೆ ಎಂಬುದು ನಮ್ಮ ಅಭಿಪ್ರಾಯ. ಕನ್ನಡದ ಮತ್ತು ಕನ್ನಡದ ನೆರೆಹೊರೆಯ ಅಂತಹ ಕೆಲವು ಚಿತ್ರಗಳನ್ನು ಮರಳಿ ಓದಿ, ಅವು ಶಾಲೆಗೆ ಏನನ್ನು ಹೇಳುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಪದದ ಪ್ರಶ್ನೆ. ಇಂಗ್ಲಿಷಿನ 'ಬುಲ್ಲಿಯಿಂಗ್' ಎಂಬುದಕ್ಕೆ ಕನ್ನಡದಲ್ಲಿ ನೆಲೆಗೊಂಡ ಒಂದು ಪದವಿಲ್ಲ. ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಹೊಸಬರಿಗೆ ಕೊಡುವ ಕಾಟವು 'ರ್‍ಯಾಗಿಂಗ್' ಎಂಬ ಹೆಸರಿನಿಂದ ಪತ್ರಿಕೆಗಳಲ್ಲಿಯೂ ಕಾನೂನಿನಲ್ಲಿಯೂ ಸ್ಥಾನ ಪಡೆಯಿತು. ಆದರೆ ಹತ್ತು ವರ್ಷದ ಹುಡುಗನು ತನ್ನದೇ ವಯಸ್ಸಿನ ಸಹಪಾಠಿಗಳಿಂದ ದಿನವೂ ಅನುಭವಿಸುವ ಹಿಂಸೆಗೆ ಅಂತಹ ಹೆಸರು ದೊರೆಯಲಿಲ್ಲ. ನಮ್ಮಲ್ಲಿ ಪದಗಳಿಗೆ ಬರವಿಲ್ಲ: ಕೀಟಲೆ, ಚೇಷ್ಟೆ, ತುಂಟತನ, ರೇಗಿಸುವುದು, ಛೇಡಿಸುವುದು, ಗೇಲಿ ಮಾಡುವುದು, ಹಂಗಿಸುವುದು, ಹೀಯಾಳಿಸುವುದು, ಕಾಡಿಸುವುದು. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಗೋಚರಿಸುತ್ತದೆ. ಮೊದಲ ಐದಾರು ಪದಗಳು ಮಾಡುವವನ ಕಡೆಯಿಂದ ಹುಟ್ಟಿದವು. ಅವುಗಳಲ್ಲಿ ಒಂದು ಬಗೆಯ ವಾತ್ಸಲ್ಯವೂ ಬೆರೆತಿದೆ. 'ಹುಡುಗು ಬುದ್ಧಿ' ಎಂದು ಹಿರಿಯರು ನಕ್ಕು ಬಿಡುವಾಗ ಬಳಸುವ ಪದಗಳು ಇವೇ. ಅನುಭವಿಸುವವನ ಕಡೆಯಿಂದ ಮಾತನಾಡುವ ಪದ ಒಂದುಂಟು: ಗೋಳುಹೊಯ್ದುಕೊಳ್ಳುವುದು. ಒಬ್ಬರ ಗೋಳನ್ನು ಮತ್ತೊಬ್ಬರು ತಮ್ಮ ಸುಖಕ್ಕಾಗಿ ಹೊಯ್ದುಕೊಳ್ಳುವುದು, ಅದೂ ಮತ್ತೆ ಮತ್ತೆ. ಪಾಶ್ಚಾತ್ಯ ಸಂಶೋಧಕರು ಹಲವು ವಾಕ್ಯಗಳಲ್ಲಿ ಹೇಳಿದ ಲಕ್ಷಣವನ್ನು ಈ ಆಡುಮಾತು ಒಂದೇ ಉಸಿರಿನಲ್ಲಿ ಹೇಳುತ್ತದೆ. ಆದರೆ ಅದು ಮನೆಮಾತಾಗಿಯೇ ಉಳಿಯಿತು. ಶಾಲೆಯ ಕಡತದೊಳಕ್ಕೆ ಬರಲಿಲ್ಲ. ಕಡತದಲ್ಲಿ ಹೆಸರಿಲ್ಲದ ನೋವಿಗೆ ಪರಿಹಾರವೂ ಇರುವುದಿಲ್ಲ.

ಈ ವಿಷಯದ ಶಾಸ್ತ್ರೀಯ ಅಧ್ಯಯನವು ಸ್ಕ್ಯಾಂಡಿನೇವಿಯಾದಲ್ಲಿ ಆರಂಭವಾಯಿತು. ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮನ್ ಅವರು ೧೯೭೦ರ ಸುಮಾರಿಗೆ 'ಮಾಬಿಂಗ್' ಎಂಬ ಪದವನ್ನು ಪ್ರಾಣಿಶಾಸ್ತ್ರದಿಂದ ತಂದು ಮಕ್ಕಳ ಗುಂಪುಹಿಂಸೆಗೆ ಅನ್ವಯಿಸಿದರು. ಹಗಲಲ್ಲಿ ಹೊರಬಿದ್ದ ಗೂಬೆಯನ್ನು ಕಾಗೆಗಳು ಮುತ್ತಿ ಕುಕ್ಕುವುದನ್ನು ಕಂಡವರಿಗೆ ಆ ಪದದ ಮೂಲಾರ್ಥ ತಿಳಿಯುತ್ತದೆ. ಅನಂತರ ಡಾನ್ ಓಲ್ವೆಯಸ್ ಅವರು ಗುಂಪಿನಿಂದ ವ್ಯಕ್ತಿಯ ಕಡೆಗೆ ಗಮನವನ್ನು ತಿರುಗಿಸಿದರು. ನೋಯಿಸುವ ಉದ್ದೇಶ, ಪುನರಾವರ್ತನೆ, ಬಲದ ಅಸಮತೆ ಎಂಬ ಮೂರು ಲಕ್ಷಣಗಳಿಂದ ಅವರು ಪೀಡನೆಯನ್ನು ಗುರುತಿಸಿದರು. ೧೯೮೨ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು; ಸಹಪಾಠಿಗಳ ಪೀಡನೆಯೇ ಅದಕ್ಕೆ ಕಾರಣವೆಂಬ ಅಭಿಪ್ರಾಯ ಬಲವಾಗಿ, ೧೯೮೩ರಲ್ಲಿ ಆ ದೇಶದ ಸರಕಾರವು ರಾಷ್ಟ್ರವ್ಯಾಪಿ ಆಂದೋಲನವನ್ನೇ ಕೈಗೊಂಡಿತು. ಓಲ್ವೆಯಸ್ ಅವರ ಕಾರ್ಯಕ್ರಮವು ರೂಪುಗೊಂಡದ್ದು ಆ ಸಂದರ್ಭದಲ್ಲಿ.

೧೯೯೬ರಲ್ಲಿ ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಅವರ ಸಂಗಡಿಗರು ಗಮನವನ್ನು ಮತ್ತೆ ಗುಂಪಿನ ಕಡೆಗೆ ತಂದರು. ಪೀಡಕ ಮತ್ತು ಪೀಡಿತ ಎಂಬ ಇಬ್ಬರಲ್ಲದೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ನೋಡಿಯೂ ದೂರ ಸರಿಯುವವರು, ಪೀಡಿತನ ಪರವಾಗಿ ನಿಲ್ಲುವವರು ಎಂದು ತರಗತಿಯಲ್ಲಿ ಇನ್ನೂ ನಾಲ್ಕು ಪಾತ್ರಗಳಿರುತ್ತವೆ ಎಂದು ಅವರು ತೋರಿಸಿದರು. ಇದನ್ನೇ ತಳಹದಿಯಾಗಿ ಮಾಡಿಕೊಂಡ 'ಕಿವಾ' ಎಂಬ ಕಾರ್ಯಕ್ರಮವು ೨೦೦೯ರಲ್ಲಿ ಫಿನ್ಲೆಂಡಿನ ಶಾಲೆಗಳಲ್ಲಿ ವ್ಯಾಪಕವಾಗಿ ಜಾರಿಗೆ ಬಂದಿತು. ಅದರ ತಿರುಳು ಇಷ್ಟೆ: ನೋಡುಗರು ಬದಲಾದರೆ ಪೀಡಕನಿಗೆ ರಂಗಭೂಮಿಯೇ ಇಲ್ಲವಾಗುತ್ತದೆ.

ಈ ತಿಳಿವಳಿಕೆಯನ್ನು ಕೈಯಲ್ಲಿ ಹಿಡಿದು ನಮ್ಮ ಕೃತಿಗಳ ಕಡೆಗೆ ತಿರುಗೋಣ. ಸಿದ್ಧಾಂತಕ್ಕೆ ಕೃತಿಗಳನ್ನು ಉದಾಹರಣೆಯಾಗಿ ಒದಗಿಸುವುದು ನಮ್ಮ ಇಚ್ಛೆಯಲ್ಲ; ಸಿದ್ಧಾಂತವು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಕೃತಿಗಳಿಂದಲೇ ಕೇಳಿ ತಿಳಿಯಬೇಕಾಗಿದೆ.

೩

ಮೈಸೂರಿನಲ್ಲಿ ಬಾಳಿ ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ೧೯೩೫ರಲ್ಲಿ ಪ್ರಕಟವಾಯಿತು. ಶಂಕರ್‌ನಾಗ್ ಅವರು ನಿರ್ದೇಶಿಸಿದ ದೂರದರ್ಶನ ಧಾರಾವಾಹಿಯ ಮೂಲಕ ಕನ್ನಡಿಗರಿಗೆ ಅದು ಇನ್ನಷ್ಟು ಹತ್ತಿರವಾಯಿತು. ಅದರಲ್ಲಿ, ತರಗತಿಗೆ ಹೊಸದಾಗಿ ಬಂದ ಪೊಲೀಸ್ ಅಧಿಕಾರಿಯ ಮಗ ರಾಜಂನೊಡನೆ ಸ್ವಾಮಿಯು ಆತ್ಮೀಯನಾದಾಗ ಹಳೆಯ ಗೆಳೆಯರು ಅವನನ್ನು ರಾಜಂನ 'ಬಾಲ' ಎಂದು ಕರೆಯತೊಡಗುತ್ತಾರೆ. ಅವನೊಡನೆ ಮಾತು ಬಿಡುತ್ತಾರೆ. ಓದುಗರು ಇದನ್ನು ಹಾಸ್ಯಪ್ರಸಂಗವೆಂದು ನೆನೆಯುತ್ತಾರೆ. ಆದರೆ ಲೇಖಕರು ಸ್ವಾಮಿಯ ಒಳಗನ್ನು ಹಾಸ್ಯವಾಗಿ ಚಿತ್ರಿಸಿಲ್ಲ. ನೆನ್ನೆಯವರೆಗೆ ಜೊತೆಯಲ್ಲಿದ್ದವರು ಇಂದು ಗುಂಪುಗೂಡಿ ಪಿಸುಗುಟ್ಟುವುದನ್ನು ದೂರದಿಂದ ನೋಡುವ ಬಾಲಕನ ತಳಮಳವು ಅಲ್ಲಿ ಸ್ಪಷ್ಟವಾಗಿದೆ. ಅಡ್ಡಹೆಸರು ಮತ್ತು ಮೌನ, ಈ ಎರಡೇ ಆಯುಧಗಳಿಂದ ಒಬ್ಬನನ್ನು ಹೊರಗಿಡಬಹುದು ಎಂಬುದಕ್ಕೆ ಈ ಅಧ್ಯಾಯ ಸಾಕ್ಷಿ.

ಈ ಬಿಕ್ಕಟ್ಟು ಪರಿಹಾರವಾಗುವ ಬಗೆಯನ್ನು ಗಮನಿಸಬೇಕು. ಶಿಕ್ಷಕರು ಮಧ್ಯೆ ಬರುವುದಿಲ್ಲ. ತಂದೆತಾಯಿಗಳಿಗೆ ವಿಷಯವೇ ತಿಳಿಯದು. ತರಗತಿಯಲ್ಲಿ ಅತ್ಯಂತ ಗೌರವ ಪಡೆದ ಹುಡುಗನಾದ ರಾಜಂ ಎಲ್ಲರನ್ನೂ ಮನೆಗೆ ಕರೆದು, ಸ್ನೇಹದ ಮೇಲೆ ಉಪನ್ಯಾಸವನ್ನೇ ಮಾಡಿ, ಉಡುಗೊರೆಗಳನ್ನು ಮುಂದಿಟ್ಟು ರಾಜಿ ಮಾಡಿಸುತ್ತಾನೆ. ಸಹಪಾಠಿಗಳಲ್ಲಿ ಪ್ರಭಾವವುಳ್ಳ ಕೆಲವರನ್ನು ಪೀಡಿತನ ಬೆಂಬಲಕ್ಕೆ ನಿಲ್ಲಿಸಬೇಕೆಂಬ ಕಿವಾ ಕಾರ್ಯಕ್ರಮದ ಸೂತ್ರವನ್ನು ಮಾಲ್ಗುಡಿಯ ಈ ಬಾಲಕನು ಎಪ್ಪತ್ತು ವರ್ಷಗಳ ಹಿಂದೆಯೇ ಆಚರಿಸಿದ್ದನು. ಆದರೆ ರಾಜಂನ ಮಾತು ನಡೆದದ್ದಕ್ಕೆ ಅವನ ತಂದೆಯ ಅಧಿಕಾರವೂ ಕಾರಣ. ಪೀಡನೆಗೆ ಬಲದ ಅಸಮತೆ ಬೇಕಾಗುವಂತೆಯೇ ಅದರ ನಿವಾರಣೆಗೂ ಬಲವೇ ಬೇಕಾಗುತ್ತದೆ ಎಂಬ ಕಹಿಯಾದ ಸತ್ಯವನ್ನು ನಾರಾಯಣ್ ಅವರು ನಗುತ್ತಲೇ ಹೇಳಿಬಿಡುತ್ತಾರೆ.

ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯಲ್ಲಿ ಬಲದ ಅಳತೆ ಬೇರೆ. ಅಲ್ಲಿರುವುದು ಅಗ್ರಹಾರದ ವೇದಪಾಠಶಾಲೆ, ವಿದ್ಯಾರ್ಥಿಗಳೆಲ್ಲ ಒಂದೇ ಜಾತಿಯವರು, ಅಸಮತೆಯಿರುವುದು ವಯಸ್ಸಿನಲ್ಲಿ. ಮನೆಯನ್ನು ಬಿಟ್ಟು ಉಡುಪರ ಪಾಠಶಾಲೆಗೆ ಬಂದ ಎಳೆಯ ಹುಡುಗ ನಾಣಿಯನ್ನು ಹಿರಿಯ ವಿದ್ಯಾರ್ಥಿಗಳು ಕಾಡಿಸುತ್ತಾರೆ. ಅವನಿಗೆ ಆಸರೆಯಾಗುವವಳು ಉಡುಪರ ವಿಧವೆ ಮಗಳು ಯಮುನಾ. ೧೯೭೭ರಲ್ಲಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಚಲನಚಿತ್ರವು ರಾಷ್ಟ್ರೀಯ ಪ್ರಶಸ್ತಿ ಪಡೆದ ಮೇಲೆ ಕಥೆಯ ಕೀರ್ತಿ ಇನ್ನೂ ಹಬ್ಬಿತು. ಆದರೆ ಕಥೆಯ ಬಗೆಗಾಗಲಿ ಚಿತ್ರದ ಬಗೆಗಾಗಲಿ ಬಂದ ವಿಮರ್ಶೆಯು ಬಹುತೇಕ ಯಮುನೆಯ ದುರಂತವನ್ನೇ ಕೇಂದ್ರವಾಗಿ ಹಿಡಿಯಿತು. ಅದು ಸಹಜವೇ. ಪಾಠಶಾಲೆಯ ಹುಡುಗರ ಕ್ರೌರ್ಯವು ಅದಕ್ಕೆ ಹಿನ್ನೆಲೆಯಾಗಿ ಮಾತ್ರ ಕಂಡಿತು.

ನಮಗೆ ತೋರುವಂತೆ, ಈ ಎರಡು ಹಿಂಸೆಗಳು ಎರಡಲ್ಲ. ಎಳೆಯನನ್ನು ಕಾಡಿಸುವ ಹಿರಿಯ ಹುಡುಗರೂ, ಗರ್ಭಿಣಿಯಾದ ವಿಧವೆಯನ್ನು ಬದುಕಿರುವಾಗಲೇ ಸತ್ತವಳೆಂದು ಸಾರಿ ಬಹಿಷ್ಕರಿಸುವ ಅಗ್ರಹಾರವೂ ಒಂದೇ ಪಾಠವನ್ನು ಕಲಿತವರು: ದುರ್ಬಲರನ್ನು ಗುಂಪಿನಿಂದ ಹೊರಗೆ ನೂಕಿದರೆ ಗುಂಪು ಗಟ್ಟಿಯಾಗುತ್ತದೆ. ಪಾಠಶಾಲೆಯಲ್ಲಿ ಮಂತ್ರದ ಜೊತೆಗೆ ಅದೂ ಬಾಯಿಪಾಠವಾಗುತ್ತದೆ. ಹುಡುಗನನ್ನು ರಕ್ಷಿಸಿದವಳನ್ನೇ ಸಮಾಜ ಬಲಿ ತೆಗೆದುಕೊಂಡಾಗ, ಅವನಿಗೆ ಉಳಿಯುವುದು ನೋಡುಗನ ಪಾತ್ರ ಮಾತ್ರ. ನೋಡಿದ್ದನ್ನು ನಿಲ್ಲಿಸಲಾರದ, ಮರೆಯಲೂ ಆರದ ಬಾಲಸಾಕ್ಷಿಯ ಸಂಕಟವೇ ಕಥೆಯ ನಿರೂಪಣೆಗೆ ಆ ಬಿಗಿಯನ್ನು ತಂದಿದೆ. ಸಾಲ್ಮಿವಲ್ಲಿಯವರ ಪಟ್ಟಿಯಲ್ಲಿ 'ನೋಡುಗ' ಎಂಬುದು ಒಂದು ವರ್ಗ. 'ಘಟಶ್ರಾದ್ಧ'ದಲ್ಲಿ ಅದು ಒಂದು ಗಾಯ.

೪

ಮೇಲಿನ ಎರಡು ಚಿತ್ರಗಳಲ್ಲಿ ಪೀಡಿತನಿಗೆ ಹೊರಬರುವ ದಾರಿಯೊಂದು ಇದ್ದೇ ಇತ್ತು. ಮುನಿದ ಗೆಳೆಯರು ಮರಳಿ ಒಂದಾಗಬಹುದು, ಎಳೆಯನು ದೊಡ್ಡವನಾಗಬಹುದು. ಬಲದ ಅಸಮತೆಯು ಹುಟ್ಟಿನಿಂದಲೇ ಬಂದಾಗ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆಯುವುದು ದಲಿತ ಆತ್ಮಕಥನಗಳಲ್ಲಿ.

ಅಂಬೇಡ್ಕರ್ ಅವರು ಬರೆದಿಟ್ಟಿದ್ದು, ೧೯೯೦ರಲ್ಲಿ ಪುಸ್ತಿಕೆಯಾಗಿ ಹೊರಬಂದ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರೆಹದಲ್ಲಿ ಅವರ ಬಾಲ್ಯದ ಶಾಲೆಯ ವಿವರಗಳಿವೆ. ತರಗತಿಯಲ್ಲಿ ಅವರಿಗೆ ಸಹಪಾಠಿಗಳ ನಡುವೆ ಸ್ಥಾನವಿರಲಿಲ್ಲ. ಮೂಲೆಯಲ್ಲಿ ಒಬ್ಬರೇ ಕೂರಬೇಕಾಗಿತ್ತು. ಕೂರುವ ಗೋಣಿತಟ್ಟನ್ನು ಶಾಲೆಯ ಆಳೂ ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಮನೆಗೆ ಒಯ್ದು ಬೆಳಗ್ಗೆ ತರಬೇಕಾಗಿತ್ತು. ಬಾಯಾರಿದರೆ ಜವಾನನು ಬಂದು ನಲ್ಲಿಯನ್ನು ತಿರುಗಿಸಬೇಕು. ಜವಾನನಿಲ್ಲದಿದ್ದರೆ ನೀರೂ ಇಲ್ಲ. ಇಲ್ಲಿ ಒಬ್ಬ ಸಹಪಾಠಿಯ ಮೇಲೂ ಆರೋಪವಿಲ್ಲ. ಆದರೆ ಆ ತರಗತಿಯ ಪ್ರತಿಯೊಂದು ಮಗುವೂ ದಿನವೂ ಆ ಮೂಲೆಯನ್ನು, ಆ ಗೋಣಿತಟ್ಟನ್ನು ನೋಡಿ ಪಾಠ ಕಲಿಯುತ್ತಿತ್ತು. ಮುಂದೆ ಮುಂಬಯಿಯ ಶಾಲೆಯಲ್ಲಿ ಡಬ್ಬಿಗಳ ಕಡೆಗೆ ಧಾವಿಸಿದವರಿಗೆ ಯಾರೂ ಆಜ್ಞೆ ಮಾಡಲಿಲ್ಲ. ಶಿಕ್ಷಕರು ಕರೆದದ್ದು ಲೆಕ್ಕ ಬಿಡಿಸಲು. ಓಡಬೇಕೆಂಬ ಪಾಠ ಮೊದಲೇ ಆಗಿಹೋಗಿತ್ತು.

ಶರಣಕುಮಾರ ಲಿಂಬಾಳೆಯವರ 'ಅಕ್ಕರಮಾಶಿ' ೧೯೮೪ರಲ್ಲಿ ಮರಾಠಿಯಲ್ಲಿ ಪ್ರಕಟವಾಯಿತು. ಲೇಖಕರ ಊರಾದ ಹನ್ನೂರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನದು. ಕನ್ನಡ, ಮರಾಠಿ ಬೆರೆತ ಸೀಮೆಯದು. ಕೃತಿಯ ಶೀರ್ಷಿಕೆಯೇ ಒಂದು ಬೈಗುಳ. ಹನ್ನೆರಡು ಮಾಷ ತೂಗಬೇಕಾದ ತೊಲೆಯಲ್ಲಿ ಹನ್ನೊಂದೇ ಇದ್ದದ್ದು ಅಕ್ಕರಮಾಶಿ, ಅಂದರೆ ಕುಲದಲ್ಲಿ ಕೊರತೆಯುಳ್ಳವನು. ತನ್ನನ್ನು ಇರಿದ ಹೆಸರನ್ನೇ ಹೊದಿಕೆಯ ಮೇಲೆ ಅಚ್ಚುಮಾಡಿಸಿದ ಲೇಖಕರು ಆ ಹೆಸರಿನ ಅಲಗನ್ನು ಮೊಂಡಾಗಿಸಿದರು. ಕೃತಿಯ ಆರಂಭದಲ್ಲಿಯೇ ಶಾಲೆಯ ವನಭೋಜನದ ಪ್ರಸಂಗ ಬರುತ್ತದೆ. ಮೇಲುಜಾತಿಯ ಮಕ್ಕಳು ಒಂದು ಮರದ ಕೆಳಗೆ, ಮಹಾರ ಮಕ್ಕಳು ಮತ್ತೊಂದು ಮರದ ಕೆಳಗೆ ಕೂರುತ್ತಾರೆ. ಅವರ ಊಟ ಮುಗಿದ ಮೇಲೆ ಉಳಿದದ್ದು ಇವರ ಪಾಲಿಗೆ ಬರುತ್ತದೆ. ಮರುದಿನ ಶಿಕ್ಷಕರು ವನಭೋಜನವನ್ನು ಕುರಿತು ಪ್ರಬಂಧ ಬರೆಯಲು ಹೇಳುತ್ತಾರೆ. ಹೇಗೆ ಆರಂಭಿಸುವುದೆಂದು ಹುಡುಗನಿಗೆ ತೋಚುವುದಿಲ್ಲ.

ಈ ಪ್ರಬಂಧದ ಪ್ರಸಂಗವನ್ನು ನಾವು ಭಾರತೀಯ ಶಾಲೆಯ ಮೇಲೆ ಬಂದ ಅತ್ಯಂತ ತೀಕ್ಷ್ಣವಾದ ವಿಮರ್ಶೆಯೆಂದು ಭಾವಿಸುತ್ತೇವೆ. ತರಗತಿಯಲ್ಲಿ ಎಲ್ಲರಿಗೂ ವಿಷಯ ಒಂದೇ, ಹಾಳೆ ಒಂದೇ, ಅಂಕ ಒಂದೇ. ಆದರೆ ಒಂದೇ ದಿನ ಎರಡು ಮರಗಳ ಕೆಳಗೆ ನಡೆದ ಎರಡು ಊಟಗಳಿಗೆ ಒಂದೇ ಶೀರ್ಷಿಕೆ ಕೊಡುವ ಶಾಲೆಯು ಆ ಹುಡುಗನ ಅನುಭವವನ್ನು ಮೊದಲೇ ಅಳಿಸಿಬಿಟ್ಟಿರುತ್ತದೆ. ಎಷ್ಟೋ ವರ್ಷಗಳ ಅನಂತರ ಆತ್ಮಕಥೆಯಾಗಿ ಹೊರಬಂದದ್ದು ಅಂದು ಬರೆಯಲಾಗದೆ ಹೋದ ಆ ಪ್ರಬಂಧವೇ ಎಂದರೆ ತಪ್ಪಾಗಲಾರದು.

೧೯೯೭ರಲ್ಲಿ ಹಿಂದಿಯಲ್ಲಿ ಬಂದ ಓಂಪ್ರಕಾಶ ವಾಲ್ಮೀಕಿಯವರ 'ಜೂಠನ್' ಉತ್ತರಪ್ರದೇಶದ ಮುಜಫ್ಫರನಗರ ಜಿಲ್ಲೆಯ ಶಾಲೆಯನ್ನು ಚಿತ್ರಿಸುತ್ತದೆ. ಒಗೆದ ಬಟ್ಟೆ ತೊಟ್ಟು ಬಂದರೆ ಜಾತಿಯ ಹೆಸರು ಹಿಡಿದು ಅಣಕ. ಹರಕು ಬಟ್ಟೆಯಲ್ಲಿ ಬಂದರೆ ನಾರುತ್ತೀಯೆಂದು ಅಣಕ. ಪೀಡಿತನು ತನ್ನ ನಡತೆಯನ್ನು ತಿದ್ದಿಕೊಂಡು ಪಾರಾಗಬಹುದೆಂಬ ಹಿತವಚನವನ್ನು ಈ ಎರಡು ವಿವರಗಳು ಸುಳ್ಳಾಗಿಸುತ್ತವೆ. ಮುಖ್ಯೋಪಾಧ್ಯಾಯರು ಆ ಬಾಲಕನ ಕೈಗೆ ಪೊರಕೆ ಕೊಟ್ಟು ದಿನಗಟ್ಟಲೆ ಶಾಲೆಯನ್ನು ಗುಡಿಸಿದಾಗ, ಉಳಿದ ಮಕ್ಕಳು ಪಾಠದ ಕೋಣೆಗಳಿಂದ ನೋಡುತ್ತಿದ್ದರು. ಮೂರನೆಯ ದಿನ ತಂದೆಯ ಕಣ್ಣಿಗೆ ಇದು ಬಿದ್ದು, ಅವರು ಪೊರಕೆಯನ್ನು ಕಸಿದೆಸೆದು ಮುಖ್ಯೋಪಾಧ್ಯಾಯರನ್ನು ಎದುರಿಸಿದರು. ಈ ಪ್ರಸಂಗದ ಓದು ಸಾಮಾನ್ಯವಾಗಿ ತಂದೆಯ ಧೈರ್ಯದ ಬಳಿ ನಿಲ್ಲುತ್ತದೆ. ನಾವು ಕಿಟಕಿಯಲ್ಲಿ ನಿಂತ ಮಕ್ಕಳ ಬಳಿಗೂ ಹೋಗಬೇಕು. ಗುರುವೇ ಪೊರಕೆ ಕೊಟ್ಟ ಮೇಲೆ ಬಟ್ಟೆಯನ್ನು ಅಣಕಿಸಲು ಅವರಿಗೆ ಬೇರೆ ಅನುಮತಿ ಏಕೆ ಬೇಕು?

ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ೧೯೯೪ರಲ್ಲಿ ಬಂದಿತು. ಆ ಶೀರ್ಷಿಕೆಯಲ್ಲಿಯೂ ಒಂದು ಕುಹಕವಿದೆ. ಸರಕಾರದ ಸೌಲಭ್ಯ ಪಡೆಯುವವರನ್ನು ಚುಚ್ಚಲು ಬಳಕೆಯಾದ ಅಡ್ಡಹೆಸರನ್ನು ಲೇಖಕರು ತಾವೇ ಎತ್ತಿಕೊಂಡಿದ್ದಾರೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯು ಅವಮಾನವನ್ನು ನಗೆಯ ಮೂಲಕ ಹಾಯ್ದು ಹೋಗುವ ಇನ್ನೊಂದು ದಾರಿಯನ್ನು ತೋರಿತು. ಮರಾಠಿಯ ಲಿಂಬಾಳೆ, ಕನ್ನಡದ ಮಾಲಗತ್ತಿ ಇಬ್ಬರೂ ಅಡ್ಡಹೆಸರನ್ನೇ ಶೀರ್ಷಿಕೆಯಾಗಿಸಿದ್ದು ಕಾಕತಾಳೀಯವಲ್ಲ. ಪೀಡನೆಯ ಮೊದಲ ಆಯುಧ ಹೆಸರು. ಬರೆಹದ ಮೊದಲ ಪ್ರತಿಕ್ರಿಯೆಯೂ ಹೆಸರಿನಿಂದಲೇ.

೫

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಜಾತಿಯ ಹೆಸರಿನಲ್ಲಿ ನಡೆದ ದೌರ್ಜನ್ಯವನ್ನು ಸ್ವಾಮಿಯ ಗೆಳೆಯರ ಮುನಿಸಿನೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಅದರ ತೀವ್ರತೆಯನ್ನು ಕುಗ್ಗಿಸಿದಂತಾಗುವುದಿಲ್ಲವೆ? 'ಮಕ್ಕಳ ಪೀಡನೆ' ಎಂಬ ಮೆದುವಾದ ಹೆಸರಿನಡಿ ಅಸ್ಪೃಶ್ಯತೆಯು ಅಡಗಿಕೊಳ್ಳುವುದಿಲ್ಲವೆ?

ಈ ಆಕ್ಷೇಪಣೆ ನ್ಯಾಯವಾದುದು. ನಮ್ಮ ಕಾನೂನುಗಳೇ ಈ ಎರಡನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟಿವೆ. ಒಂದು ಕಡೆ ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, ೧೯೮೯ರ ದೌರ್ಜನ್ಯ ತಡೆ ಕಾಯಿದೆ. ಮತ್ತೊಂದು ಕಡೆ ರ್‍ಯಾಗಿಂಗ್ ವಿರುದ್ಧದ ಕಾನೂನುಗಳು: ೧೯೯೫ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯು ಅದನ್ನು ಶಿಕ್ಷಾರ್ಹವಾಗಿಸಿತು, ತಮಿಳುನಾಡು ಮತ್ತು ಆಂಧ್ರಪ್ರದೇಶಗಳು ೧೯೯೭ರಲ್ಲಿ, ಮಹಾರಾಷ್ಟ್ರವು ೧೯೯೯ರಲ್ಲಿ ಪ್ರತ್ಯೇಕ ಕಾಯಿದೆಗಳನ್ನು ಮಾಡಿದವು, ೨೦೦೯ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳನ್ನು ವಿಧಿಸಿತು. ಶಾಲೆಗಳ ಮಟ್ಟಿಗೆ, ಅದೇ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ಉಲ್ಲಂಘನೆಗೆ ಸೇವಾನಿಯಮಗಳ ಪ್ರಕಾರ ಕ್ರಮವೆಂದು ಹೇಳುವುದರಿಂದ ಅದರ ದೃಷ್ಟಿ ಮುಖ್ಯವಾಗಿ ಶಿಕ್ಷಕರ ಮೇಲಿದೆ. ೨೦೧೫ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ತನ್ನ ಶಾಲೆಗಳಲ್ಲಿ ಪೀಡನೆಯನ್ನು ತಡೆಯುವ ಸಮಿತಿಗಳನ್ನು ರಚಿಸಲು ಸೂಚಿಸಿತು.

ಪೆಟ್ಟಿಗೆಗಳು ಬೇರೆಯಾದರೂ ತರಗತಿಯಲ್ಲಿ ಅನುಭವ ಬೇರೆಯಾಗಿ ಬರುವುದಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸ್ಥಿತಿಯನ್ನು ಪರಿಶೀಲಿಸಿ ೨೦೦೭ರಲ್ಲಿ ವರದಿ ನೀಡಿದ ಥೋರಟ್ ಸಮಿತಿಯು, ರ್‍ಯಾಗಿಂಗ್‌ನ ನೆಪದಲ್ಲಿಯೇ ಜಾತಿನಿಂದನೆ ನಡೆದುದನ್ನೂ ದಲಿತ ವಿದ್ಯಾರ್ಥಿಗಳು ವಿದ್ಯಾರ್ಥಿನಿಲಯದ ಕೆಲವೇ ಮಹಡಿಗಳಲ್ಲಿ ಒಟ್ಟುಗೂಡಬೇಕಾಗಿ ಬಂದುದನ್ನೂ ಗುರುತಿಸಿತು. ಅಂಬೇಡ್ಕರ್ ಅವರ ಗೋಣಿತಟ್ಟಿನ ಮೂಲೆಯು ಒಂದು ಶತಮಾನದ ಅನಂತರ ಮಹಡಿಯಾಗಿತ್ತು.

ಆದುದರಿಂದ ನಮ್ಮ ಉತ್ತರ ಹೀಗೆ: ಎರಡನ್ನು ಒಂದೆಂದು ಹೇಳಬಾರದು, ಒಂದನ್ನು ಮರೆತು ಇನ್ನೊಂದನ್ನು ಓದಲೂಬಾರದು. ಓಲ್ವೆಯಸ್ ಅವರ 'ಬಲದ ಅಸಮತೆ' ಎಂಬ ಲಕ್ಷಣವು ಆ ಹುಡುಗ ಈ ಹುಡುಗನಿಗಿಂತ ಬಲಶಾಲಿಯೆಂಬ ಅರ್ಥಕ್ಕೆ ಸೀಮಿತವಾದರೆ ಅದು ನಮ್ಮಲ್ಲಿ ಸಾಲದು. ಎಲ್ಫಿನ್‌ಸ್ಟನ್ ಶಾಲೆಯ ಆ ತರಗತಿಯಲ್ಲಿ ಅತ್ಯಂತ ಬಡಕಲು ಸವರ್ಣ ಹುಡುಗನಿಗೂ ತನ್ನ ಡಬ್ಬಿಯನ್ನು ಎಳೆದುಕೊಳ್ಳುವ ಬಲವಿತ್ತು. ಆ ಬಲವು ಅವನ ತೋಳಿನದಲ್ಲ, ಅವನ ಹುಟ್ಟಿನದು. ಕೆಟ್ಟ ಹುಡುಗನನ್ನು ಹುಡುಕಿ ಶಿಕ್ಷಿಸುವ ಸಮಿತಿಯು ಆ ತರಗತಿಗೆ ಹೋಗಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತಿತ್ತು; ಏಕೆಂದರೆ ಅಲ್ಲಿ ಕೆಟ್ಟ ಹುಡುಗನೇ ಇರಲಿಲ್ಲ. ಒಳ್ಳೆಯ ಮನೆಗಳ ವಿಧೇಯ ಮಕ್ಕಳು ಹಿರಿಯರು ಕಲಿಸಿದ್ದನ್ನು ತಪ್ಪದೆ ಮಾಡಿದ್ದರು.

೬

ಈ ಓದಿನಿಂದ ಶಾಲೆಗೆ ಹೇಳಬಹುದಾದ ಮಾತುಗಳು ಕೆಲವಿವೆ.

ಮೊದಲನೆಯದು, ತಡೆಯುವ ಕೆಲಸವು ದೂರಿನಿಂದ ಆರಂಭವಾಗಬಾರದು. ಮೇಲಿನ ಕೃತಿಗಳಲ್ಲಿ ಪೀಡನೆಯು ನಡೆಯುವ ತಾಣಗಳನ್ನು ಗುರುತಿಸಿದರೆ ಅವು ನಾಲ್ಕೇ: ಕೂರುವ ಜಾಗ, ಕುಡಿಯುವ ನೀರು, ಉಣ್ಣುವ ಅನ್ನ, ಕರೆಯುವ ಹೆಸರು. ಈ ನಾಲ್ಕನ್ನೂ ಏರ್ಪಡಿಸುವವರು ಶಿಕ್ಷಕರು. ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ, ಪಂಕ್ತಿಯಲ್ಲಿ ಯಾರು ಕೊನೆಗೆ ಉಳಿಯುತ್ತಾರೆ, ಹಾಜರಿಯಲ್ಲಿ ಒಂದು ಹೆಸರನ್ನು ಕರೆದಾಗ ಯಾರು ನಗುತ್ತಾರೆ ಎಂಬುದನ್ನು ದಿನವೂ ಗಮನಿಸುವ ಶಿಕ್ಷಕರು ಯಾವ ಸಮಿತಿಗಿಂತಲೂ ಮೊದಲೇ ವಿಷಯವನ್ನು ಅರಿಯುತ್ತಾರೆ. ೨೦೦೧ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲು ಆದೇಶಿಸಿತು. ೨೦೦೪ರ ಏಪ್ರಿಲ್‌ನಲ್ಲಿ ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ನೀಡಬೇಕೆಂದಿತು. ಹಲವೆಡೆ ಮಕ್ಕಳು ಆ ಅನ್ನವನ್ನು ನಿರಾಕರಿಸಿದ ಸುದ್ದಿಗಳು ಬಂದವು. ಡಬ್ಬಿಗಳು ಈಗಲೂ ಹಲಗೆಯ ಹಿಂದೆ ಇವೆ ಎಂಬುದಕ್ಕೆ ಅವು ಸೂಚನೆ; ಆದರೆ ಒಂದೇ ಪಾತ್ರೆಯಿಂದ ಉಂಡು ಬೆಳೆಯುವ ಮಕ್ಕಳಿಗೆ ಬಚ್ಚಿಡಲು ಡಬ್ಬಿಯೇ ಇರುವುದಿಲ್ಲ ಎಂಬ ಭರವಸೆಯೂ ಆ ಆದೇಶಗಳಲ್ಲಿದೆ.

ಎರಡನೆಯದು, ದೂರು ಬಂದಾಗ ಕೇಳಬೇಕಾದದ್ದು 'ಯಾರು ಮಾಡಿದರು' ಎಂದಷ್ಟೇ ಅಲ್ಲ, 'ಯಾರು ಯಾರು ನೋಡಿದರು' ಎಂದೂ ಕೇಳಬೇಕು. ಇದು ಶಿಕ್ಷೆಗಾಗಿ ಅಲ್ಲ. ನೋಡಿದವರಲ್ಲಿ ಒಬ್ಬಿಬ್ಬರು ಪೀಡಿತನ ಪಕ್ಕಕ್ಕೆ ಬಂದು ಕೂತರೆ ಸಾಕು, ತರಗತಿಯ ತೂಕ ಬದಲಾಗುತ್ತದೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸುವ ಹಳೆಯ ರೂಢಿಯು ರಾಜಂನ ಮನೆಯಲ್ಲಿ ಫಲಿಸಿದ್ದು ಅಲ್ಲಿ ಎಲ್ಲರೂ ಹೆಚ್ಚುಕಡಿಮೆ ಸಮಾನರಾಗಿದ್ದುದರಿಂದ. ಬಲವು ಅಸಮವಾಗಿರುವೆಡೆಯಲ್ಲಿ ಅಂತಹ ರಾಜಿಯು ಪೀಡಿತನ ಪಾಲಿಗೆ ಮತ್ತೊಂದು ಶಿಕ್ಷೆಯಾಗುತ್ತದೆ.

ಮೂರನೆಯದು, ಪ್ರಬಂಧದ ವಿಷಯ. ಮಕ್ಕಳು ತಾವು ಕಂಡದ್ದನ್ನು ಭಯವಿಲ್ಲದೆ ಬರೆಯಬಹುದಾದ ಒಂದು ಹಾಳೆಯನ್ನಾದರೂ ಶಾಲೆ ಒದಗಿಸಬೇಕು. ಭಾಷಾಶಿಕ್ಷಕರ ಹೊಣೆ ಇಲ್ಲಿ ಉಳಿದವರಿಗಿಂತ ಹೆಚ್ಚಿನದು.

ಹೊರನಾಡಿನ ಕನ್ನಡ 'ಸಂಶೋಧಕ'ರಿಗೆ ಈ ವಿಷಯದಲ್ಲಿ ಒಂದು ವಿಶೇಷ ಅವಕಾಶವಿದೆ. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ, ದುಡಿಯುವ ಹುಡುಗರು ಓದಿದ ರಾತ್ರಿಶಾಲೆಗಳಲ್ಲಿ, ಸೊಲ್ಲಾಪುರ, ಅಕ್ಕಲಕೋಟೆಗಳ ಗಡಿಶಾಲೆಗಳಲ್ಲಿ, ದೆಹಲಿ, ಚೆನ್ನೈ, ಹೈದರಾಬಾದುಗಳ ತರಗತಿಗಳಲ್ಲಿ ಕನ್ನಡದ ಮಕ್ಕಳು ಭಾಷೆಯ ಕಾರಣದಿಂದ, ಉಚ್ಚಾರಣೆಯ ಕಾರಣದಿಂದ ಅಡ್ಡಹೆಸರು ಪಡೆದಿದ್ದಾರೆ. ವಿಂಧ್ಯದ ದಕ್ಷಿಣದವರೆಲ್ಲ 'ಮದರಾಸಿ'ಗಳಾಗಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹಾಗೆಯೇ ಆ ಮಕ್ಕಳೇ ಮನೆಯಿಂದ ತಂದ ಜಾತಿಯನ್ನು ಆ ತರಗತಿಗಳಲ್ಲಿ ಹೇಗೆ ಬಳಸಿದರೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಒಂದೆಡೆ ಪೀಡಿತರಾದವರು ಮತ್ತೊಂದೆಡೆ ಡಬ್ಬಿ ಸರಿಸಿದವರೂ ಆಗಿರಬಹುದು. ಈ ನೆನಪುಗಳನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಅವುಗಳನ್ನು ಸಂಗ್ರಹಿಸುವುದು ಅಗತ್ಯ. ಸಂಗ್ರಹಿಸುವಾಗ ಅವಮಾನಿತರಾದ ಕಥೆಯನ್ನಷ್ಟೇ ಅಲ್ಲದೆ, ನೋಡುತ್ತ ಕೂತಿದ್ದ ಕಥೆಯನ್ನೂ ಕೇಳಬೇಕು. ಅದನ್ನು ಹೇಳುವುದೇ ಹೆಚ್ಚು ಕಷ್ಟ.

ಕೀರ್ ಅವರ ಪ್ರಸಂಗದಲ್ಲಿ ಒಂದು ವಿಷಯದ ಕಡೆಗೆ ನಮ್ಮ ಮನಸ್ಸು ಮತ್ತೆ ಮತ್ತೆ ಹೋಗುತ್ತದೆ. ಆ ತರಗತಿಯಲ್ಲಿ ತನ್ನ ಡಬ್ಬಿಯನ್ನು ಇದ್ದಲ್ಲಿಯೇ ಬಿಟ್ಟು ಕೂತಿದ್ದ ಹುಡುಗನೊಬ್ಬನಾದರೂ ಇದ್ದನೆ? ಅಂತಹ ಒಬ್ಬನನ್ನು ಜೀವನಚರಿತ್ರೆಯು ಹೆಸರಿಸುವುದಿಲ್ಲ. ನಮ್ಮ ಶಾಲೆಗಳು ರೂಪಿಸಬೇಕಾದದ್ದು ಆ ಹುಡುಗನನ್ನು.